ಲೈನ್‌ಮನ್ನರ ಮೇಲೆ ಬಿದ್ದ ನನ್ನ ತಪ್ಪು

ಹೋದ ವಾರ ಮಿಕ್ಸರ್ ರಿಪೇರಿಗೆ ಒಬ್ಬರು ಮನೆಗೆ ಬಂದಿದ್ದರು. ಜಗಲಿಯ ಮೇಲೆ ಹಳೇ ಪೇಪರು ಹಾಸಿ ಕುಳಿತು, ಬೆಸುಗೆ ಕಡ್ಡಿ ಕಾಯಿಸಿ ರಾಳಕ್ಕೆ ಮುಟ್ಟಿಸಿದರು. ತೆಳ್ಳಗೆ ಬಿಳಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಂದದ್ದೇ, ಕೈಯಲ್ಲಿದ್ದ ಚಹಾದ ಲೋಟವನ್ನು ಅವರಿಗೆ ಕೊಡುವುದನ್ನೂ ಮರೆತು ನಿಂತುಬಿಟ್ಟೆ. ಅದು ಲೈನ್‌ಮನ್ನರ ಅಂಗಿಯ ವಾಸನೆ.

ಹೊರಗಿನವರ ಹತ್ತಿರ ನಾನಾಗಿ ಮಾತು ತೆಗೆಯುವವಳಲ್ಲ. ಆವತ್ತು ತೆಗೆದೆ.

"ಕುಮಟೆ ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಮಾಡ್ತಿದ್ರಲ್ಲ, ಲೈನ್‌ಮನ್ ಅಂತ... ಈಗ ಎಲ್ಲಿದ್ದಾರೆ?"

"ಅವ್ರು ಹೋಗಿ ಎರಡು ವರ್ಷ ಆತಲ್ಲ ಅಮ್ಮ," ಎಂದರು ಅವರು ತಲೆ ಎತ್ತದೆ. "ಹೊನ್ನಾವರದ ಮನೇಲೇ ತೀರ್ಕಂಡ್ರು. ನಿಮ್ಗೆ ಪರಿಚಯನಾ?"

ಹೂಂ ಎಂದೆ. ಮರೆತಿದ್ದ ಚಹಾದ ಲೋಟವನ್ನು ಅವರ ಮುಂದೆ ಇಟ್ಟೆ.

ಮಕ್ಕಳೇ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವೆಲ್ಲ ಓದಿ. ನಿಮ್ಮಲ್ಲಿ ದೊಡ್ಡವಳು ಎರಡು ಸಲ ಓದಲಿ. ನನಗೆ ಅಂದು ಏನು ನಡೆಯಿತು ಎನ್ನುವುದು ಪೂರ್ತಿ ತಿಳಿದಿರಲಿಲ್ಲ, ಈಗಲೂ ಅರ್ಧವೇ ತಿಳಿದಿದೆ. ತಿಳಿದಷ್ಟನ್ನು ಹೇಳುತ್ತೇನೆ.

ಆರೇಳು ವರ್ಷದ ಹಿಂದಿನ ಮಾತು. ನಿಮ್ಮ ಅಜ್ಜ ತೀರಿಕೊಂಡು ಒಂದು ವರ್ಷ ಆಗಿತ್ತು. ದೊಡ್ಡವಳು ಕುಮಟೆಯ ಕಾಲೇಜಿಗೆ ಹೋಗಲು ಭಟ್ಕಳದಿಂದ ಬಂದು ಬಾಡ ಊರಿನ ಈ ಮನೆಯಲ್ಲಿ ನನ್ನ ಜೊತೆ ಇದ್ದಳು. ಅವಳ ಜೊತೆ ಒಂದು ಕಂಪ್ಯೂಟರೂ ಬಂದಿತ್ತು. ಒಂದು ಬದಿಗೆ ಗಾಜು, ಒಳಗೆ ಬಣ್ಣಬಣ್ಣದ ದೀಪ, ಮೂರು ಫ್ಯಾನು. ಅದರ ಭಾಗಗಳನ್ನು ಅವಳೇ ಆರಿಸಿದ್ದಳು. ಕೂಡಿಸಿ ಕೊಟ್ಟವರು ಲೈನ್‌ಮನ್ನರು.

ಅವರು ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ ಇಳಿದು ನಿವೃತ್ತರಾದವರು. ಆಮೇಲೆ ಕಂಪ್ಯೂಟರ್ ಕೆಲಸ ಕಲಿತು ಅಂಗಡಿ ಇಟ್ಟಿದ್ದರು. ಬೋರ್ಡಿನಲ್ಲಿ ಏನೇ ಬರೆದಿರಲಿ, ಊರಿನ ಬಾಯಲ್ಲಿ ಅವರು ಲೈನ್‌ಮನ್ನರೇ. ಸಪೂರ ಆಳು. ಕಿಸೆಯಲ್ಲಿ ಪೆನ್ನಿನ ಜೊತೆ ಟೆಸ್ಟರು. ಅವರದೊಂದು ಪದ್ಧತಿ ಇತ್ತು: ಯಾರ ಮನೆಗೆ ಹೋಗುವುದಿದ್ದರೂ ಹೊರಡುವ ಮೊದಲು ಫೋನ್ ಮಾಡುತ್ತಿದ್ದರು. "ಅಕ್ಕ, ಬರ್ಲಾ?" ಎಂದು ಕೇಳಿಯೇ ಬರುವುದು. ಟೆಲಿಫೋನಿನವ ಹೇಳದೆ ಮನೆ ಹೊಕ್ಕರೆ ನಾಚಿಕೆಗೇಡು ಎನ್ನುತ್ತಿದ್ದರು. ಈ ಒಳ್ಳೆಯ ಪದ್ಧತಿಯೇ ಅವರಿಗೆ ಮುಳ್ಳಾಯಿತು.

ದೊಡ್ಡವಳದು ಕಂಪ್ಯೂಟರಿನಲ್ಲಿ ಓಡಿ ಓಡಿ ಗುಂಡು ಹೊಡೆಯುವ ಆಟ. ಐದು ಜನರ ತಂಡ. ಭಟ್ಕಳದ ಒಬ್ಬಳು, ಹೊನ್ನಾವರದ ಇಬ್ಬರು, ಕುಮಟೆಯ ಒಬ್ಬ, ಇವಳು. ಎಲ್ಲರೂ ಅವರವರ ಮನೆಯಲ್ಲೇ ಕುಳಿತು ಒಟ್ಟಿಗೆ ಆಡುವುದು. ಕಾಲೇಜುಗಳ ನಡುವೆ ಪಂದ್ಯ ಇತ್ತು. ನನಗೆ ಅದು ಆಟವೋ ಜಗಳವೋ ಗೊತ್ತಾಗುತ್ತಿರಲಿಲ್ಲ. ಆದರೆ ಶಾಲೆಯಲ್ಲಿ ಯಾವ ಗುಂಪಿಗೂ ಸೇರದೆ ಒಬ್ಬಳೇ ಊಟದ ಡಬ್ಬಿ ಬಿಚ್ಚುತ್ತಿದ್ದ ಹುಡುಗಿ ಅವಳು. ನನ್ನ ಹಾಗೆಯೇ. ಆ ತಂಡದಲ್ಲಿ ಅವಳಿಗೆ ಒಂದು ಜಾಗ ಸಿಕ್ಕಿತ್ತು. ಹೆಡ್‌ಫೋನ್ ಹಾಕಿಕೊಂಡು "ಎಡಕ್ಕೆ ಬಾ, ನಾ ಇದ್ದೆ, ನಾ ಇದ್ದೆ" ಎಂದು ಅವಳು ದೊಡ್ಡ ದನಿಯಲ್ಲಿ ಹೇಳುವುದನ್ನು ಕೇಳಲು ನಾನು ಅಡುಗೆಮನೆಯಲ್ಲಿ ಸದ್ದು ಮಾಡದೆ ಕೆಲಸ ಮಾಡುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಂಪ್ಯೂಟರಿಗೆ ಬಿಕ್ಕಳಿಕೆ ಶುರುವಾಯಿತು. ಬೇರೆ ಹೆಸರು ನನಗೆ ಗೊತ್ತಿಲ್ಲ. ಆಟ ಓಡುತ್ತಾ ಓಡುತ್ತಾ ಅರೆಗಳಿಗೆ ಚಿತ್ರ ನಿಲ್ಲುವುದು, ಕಿವಿಯಲ್ಲಿ ಕರ್ರೆನ್ನುವುದು, ಮತ್ತೆ ಮುಂದೆ ಹೋಗುವುದು. ಆ ಅರೆಗಳಿಗೆಯಲ್ಲಿ ಎದುರಿನವ ಇವಳನ್ನು ಹೊಡೆದಿರುತ್ತಿದ್ದ. ಒಂದು ಪಂದ್ಯ ಹೀಗೇ ಸೋತರು.

ಲೈನ್‌ಮನ್ನರು ಬಂದರು. ಮುಚ್ಚಳ ತೆಗೆದು ಧೂಳು ಊದಿದರು. ಚಿತ್ರ ತೋರಿಸುವ ಕಾರ್ಡಿನ ಡ್ರೈವರ್ ಎನ್ನುವ ಪ್ರೋಗ್ರಾಮನ್ನು ಪೂರ್ತಿ ಕಿತ್ತು ಹೊಸದಾಗಿ ಹಾಕಿದರು. ಒಂದು ಗಂಟೆ ಆಡಿಸಿ ನೋಡಿದರು. ಬಿಕ್ಕಳಿಕೆ ಇಲ್ಲ. ಅವರು ಗೇಟು ದಾಟಿ ಅರ್ಧ ಗಂಟೆಗೆ ಮತ್ತೆ ಶುರು.

ಎರಡನೆಯ ಸಲ ಬಂದರು. ನೆಟ್ಟಿನ ಡ್ರೈವರ್ ಬದಲಿಸಿದರು. ಸದ್ದಿನದನ್ನು ಬಂದ್ ಮಾಡಿ ನೋಡಿದರು. ಒಂದೊಂದನ್ನೇ ತೆಗೆಯುವುದು, ಕಾಯುವುದು, ಮತ್ತೆ ಹಾಕುವುದು. ಎಲ್ಲ ಸರಿ ಇತ್ತು. ಹೋದರು. ಮತ್ತೆ ಶುರು.

"ಅಂಕಲ್, ನೀವಿದ್ರೆ ಸರಿ ಇರ್ತದೆ," ಎಂದಳು ಇವಳು. "ನೀವು ಬೈಕ್ ಹತ್ತಿದ್ರೆ ಸಾಕು, ಕೆಟ್ಟೋಗ್ತದೆ."

"ಹಂಗಾರೆ ನಾ ಇಲ್ಲೇ ಇರ್ತೆ ಬಿಡು. ಅಕ್ಕ, ಮಧ್ಯಾಹ್ನಕ್ಕೆ ಎಂತ ಮೀನು?"

ನಾನು ಬಾಗಿಲ ಹಿಂದೆ ನಿಂತು ನಕ್ಕೆ. ಅವರು ನನ್ನ ಕಡೆ ತಿರುಗಿ ತಿಳಿಹೇಳಿದರು. ನನಗೆ ತಿಳಿಹೇಳುವ ಅಗತ್ಯ ಇರಲಿಲ್ಲ, ಆದರೂ ಹೇಳಿದರು. ಮನೆಯ ದೊಡ್ಡವರಿಗೆ ಹೇಳದೆ ಕೆಲಸ ಮಾಡುವುದು ಅವರಿಗೆ ಬಾರದು.

"ಎಕ್ಸ್‌ಚೇಂಜಲ್ಲಿ ಒಬ್ಳೇ ಆಪರೇಟರ್ ಇದ್ದಾಳೆ ಅಂತ ಮಾಡಿ ಅಕ್ಕ. ಮೌಸಿಂದು, ಸೌಂಡಿಂದು, ನೆಟ್ಟಿಂದು, ಎಲ್ಲ ಕರೆಯೂ ಅವಳ ಹತ್ರವೇ ಬರೂದು. ಒಂದೊಂದರ ಪರವಾಗಿ ಮಾತಾಡೂಕೆ ಒಂದೊಂದು ಡ್ರೈವರ್. ಎಲ್ರೂ ಎರಡೆರಡು ಮಾತಾಡಿ ಇಟ್ರೆ ಸರಿ. ಒಬ್ಬ ಫೋನ್ ಇಡೂದೇ ಇಲ್ಲ ಅಂದ್ರೆ? ಉಳಿದವ್ರು ಕಾಯ್ಬೇಕು. ತಂಗಿ ಆಟ ನಿಲ್ಲೂದು ಆವಾಗ. ಆ ಒಬ್ಬ ಯಾರು ಅಂತ ಸಿಕ್ಕಬೇಕು, ಅಷ್ಟೇ."

ನಾನು ತಲೆ ಆಡಿಸಿದೆ. ಕಾಯುವುದು ಗೊತ್ತಿತ್ತು. ಉಳಿದದ್ದು ಗೊತ್ತಾಗಲಿಲ್ಲ.

ಹೊರಡುವಾಗ ಕೇಳಿದರು: "ಇದಕ್ಕೆ ಮತ್ತೆ ಎಂತದಾದ್ರೂ ಚುಚ್ಚೂದು ಇದ್ಯಾ? ಪ್ರಿಂಟರ್, ಪೆನ್‌ಡ್ರೈವ್, ಎಂತದಾದ್ರೂ?"

"ಇಲ್ಲ ಅಂಕಲ್," ಎಂದಳು ಇವಳು.

ಅವರು ನನ್ನನ್ನು ನೋಡಿದರು. "ಎಂತದೂ ಇಲ್ಲ," ಎಂದೆ ನಾನು.

ಇತ್ತು.

ನಿಮ್ಮ ಅಜ್ಜನ ಫೋನು. ಗುಂಡಿ ಒತ್ತುವ ಹಳೆಯ ಸಣ್ಣ ಫೋನು. ಅವರು ಭಟ್ಕಳ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದವರು, ಶನಿವಾರಕ್ಕೊಮ್ಮೆ ಮನೆಗೆ. ಉಳಿದ ದಿನ ಮಧ್ಯಾಹ್ನ ಒಂದು ಗಂಟೆಗೆ ಫೋನು ಬರುತ್ತಿತ್ತು. "ಊಟ ಆತಾ?" ಎಂದು ಕೇಳುತ್ತಿದ್ದರು. ಆತು ಎನ್ನುತ್ತಿದ್ದೆ. ಇಷ್ಟೇ. ನಮ್ಮ ಸಂಸಾರದ ಹೆಚ್ಚಿನ ಮಾತು ಇದೇ... ಅವರು ಹೋದ ಮೇಲೆ ಆ ಫೋನನ್ನು ಆರಲು ಬಿಡಬಾರದು ಎಂದು ನನಗೆ ಯಾಕೋ ಅನ್ನಿಸಿತು. ಅಂಗಡಿಯಲ್ಲಿ ಅದಕ್ಕೆ ಕರೆನ್ಸಿ ಹಾಕಿಸುತ್ತಿದ್ದೆ. ಯಾರೂ ಇಲ್ಲದಾಗ ನನ್ನ ಫೋನಿನಿಂದ ಒಂದು ರಿಂಗ್ ಕೊಡುತ್ತಿದ್ದೆ. ಅದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಮನೆ' ಎಂದು ಬರುತ್ತಿತ್ತು. ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು, ಇಂಗ್ಲಿಷಿನಲ್ಲಿ ಆ ನಾಲ್ಕು ಅಕ್ಷರ ಮಾತ್ರ ಚೆನ್ನಾಗಿ ಓದಲು ಬರುತ್ತಿತ್ತು.

ಮಳೆಗಾಲದಲ್ಲಿ ಒಂದು ಸಿಡಿಲಿಗೆ ಅದರ ಚಾರ್ಜರ್ ಸುಟ್ಟಿತು. ಮಗನಿಗೆ ಹೇಳಲು ಆಗಲಿಲ್ಲ. "ಅಪ್ಪನ ಫೋನ್ ಈಗ ಎಂತಕ್ಕೆ ಆಯಿ, ಕೊಟ್ಟುಬಿಡು," ಎಂದು ಅವನು ಮೊದಲೇ ಒಮ್ಮೆ ಹೇಳಿದ್ದ. ಮೊಮ್ಮಗಳು ತನ್ನ ಫೋನನ್ನು ಕಂಪ್ಯೂಟರಿಗೆ ಚುಚ್ಚಿ ಚಾರ್ಜು ಮಾಡುವುದನ್ನು ನೋಡಿದ್ದೆ. ಪೆಟ್ಟಿಗೆಯಲ್ಲಿ ಹುಡುಕಿ ಒಂದು ಹಳೆಯ ವಯರು ತೆಗೆದೆ, ಕಂಪ್ಯೂಟರಿನ ಹಿಂಬದಿಯ ತೂತಿಗೆ ಚುಚ್ಚಿ, ಫೋನನ್ನು ಕಿಟಕಿಯ ಪರದೆಯ ಹಿಂದೆ ಇಟ್ಟೆ. ಅದರ ಬ್ಯಾಟರಿಯೂ ಮುದಿಯಾಗಿತ್ತು, ತೆಗೆದರೆ ಎರಡು ತಾಸಿಗೆ ಆರುತ್ತಿತ್ತು. ಹಾಗಾಗಿ ಯಾವಾಗಲೂ ಅಲ್ಲೇ.

ಯಾರಾದರೂ ಬರುತ್ತಾರೆ ಎಂದು ಗೊತ್ತಾದರೆ ವಯರಿನ ಸಮೇತ ತೆಗೆದು ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದೆ. ಜನ ಬರುವ ಮೊದಲು ನಾವು ಒಣಗಿದ ಬಟ್ಟೆ ಎತ್ತುವುದಿಲ್ಲವೇ, ಚಾಪೆ ಮಡಚುವುದಿಲ್ಲವೇ, ಹಾಗೆ. ಸತ್ತವರ ಫೋನು ಹೊತ್ತಿಸಿ ಇಟ್ಟುಕೊಂಡಿದ್ದಾಳೆ ಎಂದು ಯಾರಾದರೂ ನೋಡಿದರೆ ನಾನು ಏನು ಹೇಳಲಿ? ಲೈನ್‌ಮನ್ನರು ಕುಮಟೆಯಿಂದ ಹೊರಡುವ ಮೊದಲು ಬರ್ಲಾ ಎಂದು ಕೇಳುತ್ತಿದ್ದರು. ನನಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಅದಕ್ಕೂ ಆಟಕ್ಕೂ ಸಂಬಂಧ ಇದೆ ಎಂದು ನನಗೆ ಹೊಳೆಯಲಿಲ್ಲ. ಚಾರ್ಜು ಆಗುವ ಫೋನು ಕಂಪ್ಯೂಟರಿನ ಹತ್ತಿರ ಮಾತಾಡುತ್ತದೆ ಎಂದು ನನಗೆ ಯಾರು ಹೇಳಿದ್ದರು? ಸಂಶಯವೇ ಬಂದಿರಲಿಲ್ಲವೇ... ಬಂದಿತ್ತೇನೋ. ಬಂದದ್ದನ್ನು ನಾನೇ ಬದಿಗೆ ಸರಿಸಿದೆನೇನೋ. ಈಗ ಹೇಳಲಾರೆ.

ಮೂರನೆಯ ಸಲ ಅವರು ಅವಳ ಮೌಸನ್ನೂ ಕೀಬೋರ್ಡನ್ನೂ ಬದಲಿಸಿದರು. ಕೈಗೆ ಒಗ್ಗಿದ ಮೌಸು ಹೋಯಿತೆಂದು ಅವಳು ಮುಖ ಊದಿಸಿದಳು. ಮರುದಿನ ಎರಡನೆಯ ಪಂದ್ಯ. ಅದನ್ನೂ ಸೋತರು. ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದರೆ ಏಳಲಿಲ್ಲ.

"ಭಾನುವಾರ ಕೊನೇದು ಅಜ್ಜಿ," ಎಂದಳು. "ಅವತ್ತೂ ನಿಂತ್ರೆ ನನ್ನ ಬಿಟ್ಟು ಬೇರೆಯವ್ರನ್ನ ತಗೊಳ್ತಾರೆ. ತಗೊಳ್ಳೂದೇ ಸರಿ. ನಾ ಇದ್ರೆ ಎಲ್ಲರೂ ಸೋಲೂದು."

ಬಿಡು ಮಗಾ, ಆಟ ತಾನೇ ಎನ್ನಬಹುದಿತ್ತು. ಎನ್ನಲಿಲ್ಲ. ಅದು ಬರೀ ಆಟ ಅಲ್ಲ ಎನ್ನುವುದೊಂದು ನನಗೆ ಗೊತ್ತಿತ್ತು.

ನಾಲ್ಕನೆಯ ಸಲ ಲೈನ್‌ಮನ್ನರು ಏನನ್ನೂ ಬಿಚ್ಚಲಿಲ್ಲ. ಕಂಪ್ಯೂಟರಿನಲ್ಲಿ ಅಳೆಯುವ ಒಂದು ಪ್ರೋಗ್ರಾಂ ಹಾಕಿ, ನನ್ನನ್ನು ಕರೆದು ತೋರಿಸಿದರು. ಪರದೆಯ ಮೇಲೆ ಉದ್ದುದ್ದ ಪಟ್ಟಿ. ಹಸಿರಿದ್ದರೆ ಕ್ಷೇಮ. ಕೆಂಪಾದರೆ ಯಾರೋ ಫೋನ್ ಇಡುತ್ತಿಲ್ಲ ಎಂದು ಅರ್ಥ.

"ಅಕ್ಕ, ಇದು ಹಗಲಿಡೀ ಹತ್ಕಂಡೇ ಇರ್ಲಿ. ಕೆಂಪಾದಾಗ ಗಂಟೆ ನೋಡಿ ಬರೀರಿ. ಆವಾಗ ಮನೇಲಿ ಎಂತ ನಡೀತಿತ್ತು, ಅದನ್ನೂ ಬರೀರಿ. ಪಂಪು, ಮಿಕ್ಸರ್, ಫ್ಯಾನು, ಯಾರು ಬಂದ್ರು, ಎಲ್ಲ."

"ನಂಗೆ ಬರೂದಿಲ್ಲ," ಎಂದೆ.

"ಬರೀಲಿಕ್ಕೆ ಬರ್ತದಲ್ಲ? ಅಷ್ಟೇ ಸಾಕು."

ಮೂರು ದಿನ ಬರೆದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಗೆರೆ ಎಳೆದುಕೊಂಡು, ದುಂಡಗೆ ಬರೆದೆ. ಶಾಲೆ ಬಿಟ್ಟ ಮೇಲೆ ಇಷ್ಟು ಬರೆದದ್ದು ಅದೇ ಮೊದಲು. ಹತ್ತು ಗಂಟೆ ಐದು ನಿಮಿಷ, ಕೆಂಪು, ಫ್ಯಾನು ಇದೆ. ಹತ್ತೂವರೆ, ಕೆಂಪು, ಪಂಪು ಇಲ್ಲ. ಹನ್ನೊಂದು, ಪಕ್ಕದ ಮನೆಯವಳು ಬಂದು ಕುಳಿತಳು, ಹಸಿರು. ಹನ್ನೊಂದೂಮುಕ್ಕಾಲು, ಅವಳು ಹೋದಳು. ಹನ್ನೆರಡು, ಕೆಂಪು. ನಾಲ್ಕು ಗಂಟೆ, ಮಗ ಭಟ್ಕಳದಿಂದ ಬಂದ, ಹಸಿರು, ಹಸಿರು, ಹಸಿರು. ಫೋನನ್ನು ಮಾತ್ರ ಬರೆಯಲಿಲ್ಲ. ಜನ ಬಂದಾಗ ಸುಮ್ಮನಾಗುತ್ತದಲ್ಲ, ಈ ಯಂತ್ರಕ್ಕೂ ನನ್ನ ಹಾಗೆ ನಾಚಿಕೆ ಇರಬೇಕು ಎಂದುಕೊಂಡೆ. ನಗಬೇಡಿ. ನಿಜವಾಗಿ ಹಾಗೆಯೇ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಅವರು ಬಂದರು. ಫೋನ್ ಮಾಡಿಯೇ ಬಂದರು. ಇವಳು ಕಾಲೇಜಿನಲ್ಲಿದ್ದಳು. ಹಾಳೆಗಳನ್ನು ಜಗಲಿಯಲ್ಲಿ ಹರಡಿಕೊಂಡು ಓದಿದರು.

"ಲೈನು ಕೆಟ್ಟದ್ದು ಬರೆಯೂ ನಮ್ಮ ಆಫೀಸಿನ ಫಾಲ್ಟ್ ಬುಕ್ಕೂ ಇಷ್ಟು ಚಂದ ಇರ್ಲಿಲ್ಲ ಅಕ್ಕ," ಎಂದರು. ಮತ್ತೆ ಮೊದಲಿನಿಂದ ಓದಿದರು. ಬೆರಳು ಒಂದೊಂದು ಸಾಲಿನ ಮೇಲೆ ನಿಂತು ನಿಂತು ಹೋಯಿತು. ನಾನು ಚಹಾ ಇಟ್ಟು ಬಾಗಿಲ ಹತ್ತಿರ ನಿಂತಿದ್ದೆ. ಅವರು ತಲೆ ಎತ್ತಲಿಲ್ಲ. ಹಾಳೆಯನ್ನೇ ನೋಡುತ್ತಾ, ಮೆಲ್ಲಗೆ ಕೇಳಿದರು:

"ಅಕ್ಕ, ಯಾರಾದ್ರೂ ಬರೂಕಿಂತ ಮೊದ್ಲು ನೀವು ಎಂತ ತೆಗೆದಿಡ್ತ್ರಿ?"

ಏನು ಚುಚ್ಚುತ್ತೀರಿ ಎಂದು ಕೇಳಿದ್ದರೆ ನಾನು ಮತ್ತೆ ಇಲ್ಲ ಎನ್ನುತ್ತಿದ್ದೆ. ಈ ಪ್ರಶ್ನೆಗೆ ಸುಳ್ಳು ತಯಾರಿರಲಿಲ್ಲ. ಒಳಗೆ ಹೋದೆ. ಅಕ್ಕಿ ಡಬ್ಬಿಯಲ್ಲಿ ಕೈ ಹಾಕಿ ಫೋನು, ವಯರು ಎರಡನ್ನೂ ತಂದು ಅವರ ಮುಂದೆ ಇಟ್ಟೆ. ಅಕ್ಕಿಯ ಎರಡು ಕಾಳು ಗುಂಡಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಅವರು ಉಗುರಿನಿಂದ ತೆಗೆದರು.

"ಯಾರದು?"

"ಅವ್ರದು."

ಅವರು ಫೋನು ಕೈಗೆತ್ತಿಕೊಂಡರು. ಕಂಪ್ಯೂಟರಿನ ಹತ್ತಿರ ಹೋಗಿ ಚುಚ್ಚಿದರು. ಪಟ್ಟಿ ಕೆಂಪಾಯಿತು. ತೆಗೆದರು. ಹಸಿರಾಯಿತು. ಮೂರು ಸಲ ಹೀಗೆ ಮಾಡಿದರು. ಮೂರನೆಯ ಸಲ ನನಗೆ ನೋಡಲು ಆಗಲಿಲ್ಲ.

"ಫೋನಿಂದು ತಪ್ಪಲ್ಲ ಅಕ್ಕ. ವಯರ್ ಪಿನ್ ಸಡಿಲ. ನಿಮಿಷಕ್ಕೆ ಹತ್ತು ಸಲ ಇದು ಬಂದೆ ಅಂತದೆ, ಹೋದೆ ಅಂತದೆ. ಒಂದೊಂದು ಸಲಕ್ಕೂ ಡ್ರೈವರ್ ಎದ್ದು ಬಾಗಿಲು ತೆಗೀಬೇಕು. ಈ ಬಂದು ಹೋಗೂ ಫೋನಿನ ಹೆಸರು ಕಂಪ್ಯೂಟರಲ್ಲಿ ನಾ ಮೊದ್ಲೇ ನೋಡಿದ್ದೆ. ತಂಗಿ ಫೋನು ಅಂದ್ಕಂಡೆ. ದಡ್ಡ ನಾನು."

ಎರಡು ಪಂದ್ಯ. ಗೋಡೆಗೆ ಮುಖ ಮಾಡಿ ಮಲಗಿದ ಹುಡುಗಿ. ಬದಲಾದ ಮೌಸು. ಎಲ್ಲ ನನ್ನಿಂದ.

"ಅವಳಿಗೆ ಹೇಳ್ಬೇಡಿ," ಎಂದೆ. "ಅವಳ ಅಪ್ಪನಿಗೂ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಆತು," ಎಂದರು. ಬೈಕಿನ ಚೀಲದಿಂದ ಗೋಡೆಗೆ ಹಾಕುವ ಒಂದು ಚಾರ್ಜರ್ ತಂದರು, ಪಿನ್ನು ಕೂಡಲಿಲ್ಲ. ಜಗಲಿಯಲ್ಲೇ ಕುಳಿತು ವಯರು ಕತ್ತರಿಸಿ, ಬೆಸುಗೆ ಹಾಕಿ ಬೇರೆ ಪಿನ್ನು ಕೂಡಿಸಿದರು. ನನ್ನ ಕೋಣೆಯ ಗೋಡೆಗೆ ಹಾಕಿ ಫೋನು ಚಾರ್ಜಾಗುವುದನ್ನು ನೋಡಿದರು. "ಇಲ್ಲಿ ಯಾರ ಕಣ್ಣಿಗೂ ಬೀಳೂದಿಲ್ಲ," ಎಂದರು. ಮಧ್ಯಾಹ್ನ ಇವಳು ಬರುವವರೆಗೂ ಕಾದು ಕುಳಿತರು.

ಇವಳು ಬಂದಳು. ಬ್ಯಾಗು ಇಡುವ ಮೊದಲೇ ಕೇಳಿದಳು. "ಎಂತ ಆತು ಅಂಕಲ್?"

"ಸಿಕ್ತು ತಂಗಿ. ನಂದೇ ತಪ್ಪು. ಕಂಪ್ಯೂಟರ್ ಕೂಡಿಸೂವಾಗ ಒಂದು ಡ್ರೈವರ್ ಸರಿ ಹಾಕಿರ್ಲಿಲ್ಲ. ಮಳೆಗಾಲದಲ್ಲಿ ಅಪ್‌ಡೇಟ್ ಬಂದಾಗ ಕೆಟ್ಟಿದೆ. ಈಗ ತೆಗ್ದೆ."

"ಅಂದ್ರೆ ನಿಮ್ಮಿಂದಾನೇ?"

"ಹೌದು."

"ಒಂದು ತಿಂಗಳು ಅಂಕಲ್." ಅವಳ ದನಿ ಒಡೆಯಿತು. "ನನ್ನ ಮೌಸ್ ಕಿತ್ಕೊಂಡ್ರಿ. ಅಜ್ಜಿನ್ನ ಕೂರಿಸಿ ಮೂರು ದಿನ ಬರೆಸಿದ್ರಿ. ಎರಡು ಮ್ಯಾಚ್ ಹೋತು. ನಿಮ್ಗೆ ಈ ಕೆಲಸ ಬರೂದಿಲ್ಲ ಅಂತ ಮೊದ್ಲೇ ಹೇಳಿದ್ರೆ ನಾವು ಬೇರೆಯವ್ರ ಹತ್ರ ಹೋಗ್ತಿದ್ವಿ."

"ಹೌದು ತಂಗಿ. ಹೇಳ್ಬೇಕಿತ್ತು."

ನಾನು ಅಡುಗೆಮನೆಯಲ್ಲಿದ್ದೆ. ಕೈಯಲ್ಲಿ ಸೌಟು ಇತ್ತು. ಹತ್ತು ಹೆಜ್ಜೆ ನಡೆದರೆ ಜಗಲಿ. ಹೇಳಬೇಡಿ ಎಂದದ್ದು ನಿಜ, ಆದರೆ ಅವರು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಏನೋ ತಕರಾರು, ಸರಿ ಆಯಿತು ಎಂದಿದ್ದರೆ ಸಾಕಿತ್ತಲ್ಲ? ಯಾಕೆ ಹಾಗೆ ಹೇಳಿದರು? ಇವಳು ಕೆದಕಿ ಕೇಳುವವಳು, ಗಟ್ಟಿ ಉತ್ತರ ಕೊಡದಿದ್ದರೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತೇ? ಅಥವಾ ಹೆಸರು ಬಂದು ಹೋಗುವುದನ್ನು ನೋಡಿಯೂ ಬಿಟ್ಟದ್ದು ತಮ್ಮದೇ ತಪ್ಪು ಎಂದು ನಿಜವಾಗಿ ಅಂದುಕೊಂಡಿದ್ದರೇ? ನೆನೆದಷ್ಟೂ ಗೋಜಲಾಗುತ್ತದೆ... ಬೈಕು ಶುರುವಾದ ಸದ್ದು ಕೇಳಿದ ಮೇಲೆ ನಾನು ಜಗಲಿಗೆ ಬಂದೆ.

ಭಾನುವಾರ ಆಟ ಒಂದು ಸಲವೂ ನಿಲ್ಲಲಿಲ್ಲ. ಇವಳ ತಂಡ ಗೆದ್ದಿತು. ಇವಳ ಜಾಗ ಉಳಿಯಿತು. ಮುಂದಿನ ಎರಡು ವರ್ಷವೂ ಆ ತಂಡದಲ್ಲಿದ್ದಳು. ಭಟ್ಕಳದ ಹುಡುಗಿ ಇವತ್ತಿಗೂ ಅವಳ ಗೆಳತಿ. ಅದು ನನಗೆ ದೊಡ್ಡ ಸಮಾಧಾನ.

ಆದರೆ ಅದೇ ವಾರ ಅವಳು ತಂಡದವರಿಗೆಲ್ಲ ಹೇಳಿದಳು, ಲೈನ್‌ಮನ್ ಹತ್ರ ಹೋಗ್ಬೇಡಿ, ಅವ್ರಿಗೆ ಹಳೇ ಕಂಪ್ಯೂಟರ್ ಬಿಟ್ರೆ ಎಂತದೂ ಬರೂದಿಲ್ಲ ಎಂದು. ಆ ಹುಡುಗರು ಇನ್ನಷ್ಟು ಜನರಿಗೆ ಹೇಳಿರಬೇಕು. ಮರುವರ್ಷ ಆ ಅಂಗಡಿಯ ಬಾಗಿಲು ಹಾಕಿತ್ತು. ಅದು ನನ್ನಿಂದಲೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಆಮೇಲೆ ಒಮ್ಮೆ ಮಾತ್ರ ಕುಮಟೆಯ ಸಂತೆಯಲ್ಲಿ ಸಿಕ್ಕಿದರು. ನನ್ನ ಪಕ್ಕದಲ್ಲಿ ಮಗ ಇದ್ದ. ಅವರು ಮೊದಲೆಲ್ಲ ನಿಲ್ಲುತ್ತಿದ್ದಷ್ಟೇ ದೂರದಲ್ಲಿ ನಿಂತು, "ಅಕ್ಕ, ಹಸಿರೇ ಇದ್ಯಾ?" ಎಂದರು. ತಲೆ ಆಡಿಸಿದೆ. "ಆತು ಹಂಗಾರೆ," ಎಂದು ಜನರ ನಡುವೆ ಹೋದರು. ನಾಲ್ಕು ಹೆಜ್ಜೆ ಹಿಂದೆ ಹೋಗಿ ಒಂದು ಮಾತು ಹೇಳಬಹುದಿತ್ತು. ಮಗ ಯಾರು ಅದು ಎಂದ. ರಿಪೇರಿಯವರು ಎಂದೆ.

ಆ ಫೋನು ಮುಂದಿನ ಮಳೆಗಾಲಕ್ಕೆ ತಾನಾಗಿಯೇ ನಿಂತಿತು. ಬ್ಯಾಟರಿ ಉಬ್ಬಿತ್ತು. ನಾನು ಅಂದುಕೊಂಡಷ್ಟು ಅಳು ಬರಲಿಲ್ಲ. ಇಷ್ಟಕ್ಕೆ ಒಬ್ಬ ಮನುಷ್ಯನ ಹೆಸರು ಕೆಡಿಸಿದೆನೇ ಎಂದು ಅನ್ನಿಸಿ, ಆಗ ಅತ್ತೆ.

ದೊಡ್ಡವಳೇ, ಈಗ ನಿನಗೆ ಹೇಳುತ್ತಿದ್ದೇನೆ. ನೀನು ಆ ದಿನ ಅವರಿಗೆ ಆಡಿದ ಮಾತು ನನಗೆ ಆಡಬೇಕಿದ್ದದ್ದು. ಬದುಕಿದ್ದಾಗ ಅವರಿಗೆ ಹೇಳಲು ನಾಲ್ಕೈದು ವರ್ಷ ಇತ್ತು, ಹೊನ್ನಾವರ ಇಲ್ಲಿಂದ ಒಂದು ಬಸ್ಸಿನ ದಾರಿ. ನಾನು ಹೋಗಲಿಲ್ಲ. ಅವರು ಸತ್ತದ್ದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಮಿಕ್ಸರಿನವರಿಗೆ ಮೊನ್ನೆ ಫೋನ್ ಮಾಡಿ, ಲೈನ್‌ಮನ್ನರ ಮನೆ ಎಲ್ಲಿ ಎಂದು ಕೇಳಿದೆ. ಹೆಂಡತಿ ಇದ್ದಾರಂತೆ, ಮಗಳ ಜೊತೆ. ಬರುವ ಭಾನುವಾರ ನೀನು ಈಗಿರುವ ಕಾರವಾರದಿಂದ ಬಂದಾಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು. ಹೊರಡುವ ಮೊದಲು ಫೋನ್ ಮಾಡಿ ಕೇಳೋಣ. ನಡೆದದ್ದನ್ನು ಅವರ ಹೆಂಡತಿಗೆ ಹೇಳಬೇಕು. ಹೊರಗಿನವರ ಎದುರು ನನಗೆ ಮಾತಾಡಲು ಬಾರದು, ನಿನಗೆ ಗೊತ್ತು. ಈ ಹಾಳೆಗಳನ್ನು ಜೊತೆಗೆ ತರುತ್ತೇನೆ. ನಾನು ನಿನ್ನ ಪಕ್ಕದಲ್ಲೇ ಕುಳಿತಿರುತ್ತೇನೆ, ಬಾಗಿಲ ಹಿಂದೆ ಅಲ್ಲ. ನೀನು ಓದಿ ಹೇಳು.